ಏರುವಾಗ ಕಾಯುವ ನೀರು

ಆ ಬೇಸಿಗೆಯಲ್ಲಿ ನಮ್ಮ ವಿಮಾನಕ್ಕೆ ಇದ್ದ ತೊಂದರೆ ಒಂದೇ. ನೆಲದ ಮೇಲೆ ಚೆನ್ನಾಗಿರುತ್ತಿತ್ತು, ಮಟ್ಟಸವಾಗಿ ಹಾರುವಾಗ ಚೆನ್ನಾಗಿರುತ್ತಿತ್ತು, ಇಳಿಯುವಾಗಂತೂ ತಣ್ಣಗಿರುತ್ತಿತ್ತು. ಏರುವಾಗ ಮಾತ್ರ ಅದರ ಎಂಜಿನ್ ಕಾಯುತ್ತಿತ್ತು. ಏರಲಾಗದ ವಿಮಾನವನ್ನು ಯಾರು ಕೊಳ್ಳುತ್ತಾರೆ?

ಇಬ್ಬರು ಪಕ್ಕಪಕ್ಕದಲ್ಲಿ ಕೂರುವ ಸಣ್ಣ ವಿಮಾನ ಅದು. ಸ್ವಂತಕ್ಕೊಂದು ವಿಮಾನ ಇಟ್ಟುಕೊಳ್ಳುವ ಹುಮ್ಮಸ್ಸಿನವರಿಗೆ, ಹಾರಾಟ ಕಲಿಸುವ ಕ್ಲಬ್ಬುಗಳಿಗೆ ಎಂದು ತಳೇಗಾಂವ ದಾಭಾಡೆಯ ಒಂದು ಶೆಡ್ಡಿನಲ್ಲಿ ನಾವು ಅದನ್ನು ಕಟ್ಟಿದ್ದೆವು. ನಮ್ಮ ಎಡಕ್ಕೆ ರಟ್ಟಿನ ಡಬ್ಬಿ ಮಾಡುವವರು, ಬಲಕ್ಕೆ ಗೇರ್ ಕೊರೆಯುವವರು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಒಂದೇ ಬೇವಿನ ಮರದ ಕೆಳಗೆ ಕೂರುತ್ತಿದ್ದೆವು. ನಿಮ್ಮ ವಿಮಾನ ಯಾವಾಗ ಹಾರುತ್ತದೆ ಎಂದು ಅವರು ಮರಾಠಿಯಲ್ಲಿ ಕೇಳಿದರೆ, ಹಾರುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ ಎಂದು ನಾವು ಉತ್ತರ ಕೊಡಬೇಕಾಗಿತ್ತು.

ಸಣ್ಣ ವಿಮಾನಗಳ ಪಿಸ್ಟನ್ ಎಂಜಿನ್ನನ್ನು ಸಾಮಾನ್ಯವಾಗಿ ಗಾಳಿಯೇ ತಣಿಸುತ್ತದೆ. ಮೋಟರ್ ಸೈಕಲ್ಲಿನಲ್ಲಿ ಇರುವ ಹಾಗೆ ಸಿಲಿಂಡರಿನ ಮೈಮೇಲೆ ತೆಳ್ಳನೆಯ ಲೋಹದ ಪದರಗಳಿರುತ್ತವೆ, ಅವುಗಳ ನಡುವೆ ಗಾಳಿ ಹಾಯುತ್ತದೆ. ನಾವು ಆರಿಸಿಕೊಂಡ ಎಂಜಿನ್ ಬೇರೆ. ಅದರ ಸಿಲಿಂಡರುಗಳ ತಲೆಯ ಒಳಗೆ ನೀರು ಮತ್ತು ಕೂಲಂಟ್ ಬೆರೆಸಿದ ಹಸಿರು ದ್ರವ ಓಡಾಡುತ್ತದೆ. ಆ ದ್ರವ ಎಂಜಿನ್ನಿನ ಬಿಸಿಯನ್ನು ಹೊತ್ತುಕೊಂಡು ರೇಡಿಯೇಟರಿಗೆ ಬಂದು, ಅಲ್ಲಿ ಗಾಳಿಗೆ ಕೊಟ್ಟು, ತಣ್ಣಗಾಗಿ ಹಿಂದಿರುಗುತ್ತದೆ. ಕಾರಿನ ಹಾಗೆಯೇ. ಇದರಿಂದ ಲಾಭಗಳಿದ್ದವು. ಈ ಎಂಜಿನ್ ಪೆಟ್ರೋಲ್ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲೇ ಓಡುತ್ತಿತ್ತು. ವಿಮಾನದ ಪೆಟ್ರೋಲ್ ಸಿಗದ ಸಣ್ಣ ಊರಿನ ಏರ್‌ಸ್ಟ್ರಿಪ್ಪಿನಲ್ಲಿ ಇದು ದೊಡ್ಡ ಮಾತು. ಎತ್ತರದಿಂದ ಒಮ್ಮೆಲೇ ಇಳಿದಾಗ ಬಿಸಿ ಲೋಹ ಗಕ್ಕನೆ ತಣಿದು ಬಿರುಕು ಬಿಡುವ ಭಯವೂ ಕಡಿಮೆ. ಹಾಗಾಗಿ ಇದೇ ಎಂಜಿನ್ ಬೇಕು ಎಂದು ಹಟ ಹಿಡಿದವರಲ್ಲಿ ನಾನೂ ಒಬ್ಬಳು. ನಾನು ಮೊದಲು ಟ್ರ್ಯಾಕ್ಟರಿನ ರೇಡಿಯೇಟರ್ ಮಾಡುತ್ತಿದ್ದವಳು. ಹೀಗಾಗಿ ತಣಿಸುವ ಕೆಲಸವೆಲ್ಲ ನನ್ನ ಪಾಲಿಗೆ ಬಂತು.

ನಮ್ಮ ಮುಖ್ಯಸ್ಥರು ಮರಾಠಿಯವರು. ಜೀವನವಿಡೀ ವಿಮಾನದ ರೆಕ್ಕೆಗಳ ವಿನ್ಯಾಸ ಮಾಡಿ, ನಿವೃತ್ತರಾದ ಮೇಲೆ ತಮ್ಮದೇ ಒಂದು ವಿಮಾನ ಆಗಬೇಕು ಎಂದು ಈ ಕಂಪನಿ ಕಟ್ಟಿದವರು. ಅವರಿಗೆ ನೀರಿನ ಮೇಲೆ ಮೊದಲಿನಿಂದಲೂ ಅನುಮಾನ. ಗಾಳಿ ಸೋರುವುದಿಲ್ಲ, ನೀರು ಸೋರುತ್ತದೆ ಎನ್ನುವುದು ಅವರ ವಾದ. ನಾವು ಹೇಳಿದ್ದಕ್ಕೆ ಒಪ್ಪಿಕೊಂಡಿದ್ದರು, ಮನಸ್ಸು ಮಾತ್ರ ಒಪ್ಪಿರಲಿಲ್ಲ.

ಏರುವಾಗ ಎಂಜಿನ್ ಯಾಕೆ ಕಾಯುತ್ತದೆ ಎನ್ನುವುದು ಗುಟ್ಟೇನೂ ಅಲ್ಲ. ಆಗ ಎಂಜಿನ್ ತನ್ನ ಪೂರ್ತಿ ಶಕ್ತಿಯಲ್ಲಿ ದುಡಿಯುತ್ತಿರುತ್ತದೆ, ವಿಮಾನ ಮಾತ್ರ ನಿಧಾನವಾಗಿ ಹೋಗುತ್ತಿರುತ್ತದೆ. ಬಿಸಿ ಹೆಚ್ಚು, ಎದುರು ಗಾಳಿ ಕಡಿಮೆ. ಅದರ ಮೇಲೆ ಏಪ್ರಿಲ್ ಬಿಸಿಲು. ಹವಾಮಾನ ತಂಪಾಗಿದ್ದಾಗ ಮಾಡಿದ ಹಾರಾಟಗಳಲ್ಲಿ ದ್ರವದ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದು ನಿಲ್ಲುತ್ತಿತ್ತು. ಬಿಸಿಲು ಏರಿದಂತೆ ಅದು ಗೆರೆಯನ್ನು ಮುಟ್ಟತೊಡಗಿತು. ಪೈಲಟ್ ಏರುವುದನ್ನು ಅರ್ಧಕ್ಕೇ ನಿಲ್ಲಿಸಿ, ಮಟ್ಟಸವಾಗಿ ಹಾರಿ ತಣಿಸಿಕೊಂಡು, ಮತ್ತೆ ಏರಬೇಕಾಗುತ್ತಿತ್ತು. ಉರಿಬಿಸಿಲಿನ ದಿನ, ಪೂರ್ತಿ ಭಾರ ಹೊತ್ತು, ಎಲ್ಲೂ ನಿಲ್ಲದೆ ಗೊತ್ತುಮಾಡಿದ ಎತ್ತರಕ್ಕೆ ಏರಿ ತೋರಿಸುವುದು ನಮ್ಮ ಮುಂದಿದ್ದ ಪರೀಕ್ಷೆ. ಮಳೆ ಹಿಡಿದರೆ ಆ ಬಿಸಿಲು ಮತ್ತೆ ಸಿಗುವುದು ಮುಂದಿನ ವರ್ಷವೇ.

ಎಲ್ಲರೂ ಕೂಡಿ ಮಾಡಿದ ಮೊದಲ ತೀರ್ಮಾನ, ರೇಡಿಯೇಟರ್ ದೊಡ್ಡದು ಮಾಡುವುದು. ಮೊದಲಿಗಿಂತ ದಪ್ಪನೆಯ, ಅಗಲವಾದ ರೇಡಿಯೇಟರ್ ಮಾಡಿಸಿದೆ. ಅದಕ್ಕೆ ಜಾಗವಾಗಲೆಂದು ಪ್ರೊಪೆಲ್ಲರ್ ಕೆಳಗೆ ಗಾಳಿ ಒಳಗೆ ಬರುವ ಬಾಯಿಯನ್ನು ಕತ್ತರಿಸಿ ಅಗಲ ಮಾಡಿದೆವು. ಎಂಜಿನ್ ಮುಚ್ಚುವ ಕವಚವನ್ನೂ ಅದಕ್ಕೆ ಸರಿಯಾಗಿ ತಿದ್ದಬೇಕಾಯಿತು. ಆ ಕೆಲಸ ಮಾಡಿದವಳು ನಮ್ಮ ಕಾಂಪೋಸಿಟ್ ಎಂಜಿನಿಯರ್. ಬೆಂಗಳೂರಿನವಳು, ಖರಾಡಿಯಲ್ಲಿ ಗೆಳತಿಯರ ಜೊತೆ ಇದ್ದಳು. ನಗರದ ಆ ತುದಿಯಿಂದ ಈ ತುದಿಗೆ ದಿನಾ ಬಂದು, ಗಾಜಿನ ನಾರಿನ ಬಟ್ಟೆಗೆ ರೆಸಿನ್ ಎಂಬ ಅಂಟು ಹಚ್ಚಿ ಅಚ್ಚಿನ ಮೇಲೆ ಕವಚ ಕಟ್ಟುತ್ತಿದ್ದಳು. ಹೊಸ ಮೂತಿ ನೋಡಲು ಕಪ್ಪೆ ಬಾಯಿ ತೆರೆದ ಹಾಗಿತ್ತು.

ಹಾರಿಸಿದೆವು. ಬಿಸಿ ಕಡಿಮೆಯಾಗಲಿಲ್ಲ. ಹೆಚ್ಚಾಯಿತು.

ಯಾರಿಗೂ ನಂಬಿಕೆ ಬರಲಿಲ್ಲ. ಮೀಟರ್ ತಪ್ಪಿರಬೇಕು ಎಂದು ಬೇರೆ ಸೆನ್ಸರ್ ಹಾಕಿದೆವು. ಪಂಪ್ ಬಿಚ್ಚಿ ನೋಡಿದೆವು, ಹೋಸ್ ಪೈಪುಗಳು ಒಳಗೆ ಮಡಚಿಕೊಂಡಿವೆಯೋ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆವು. ಎಲ್ಲ ಸರಿಯಿತ್ತು. ಮತ್ತೆ ಹಾರಿಸಿದ ದಿನ ವಿಮಾನದಲ್ಲಿ ಪೈಲಟ್ ಒಬ್ಬರೇ ಇದ್ದರು.

ಪೈಲಟ್ ಬೆಳಗಾವಿಯವರು, ವಾಯುಪಡೆಯಿಂದ ನಿವೃತ್ತರು. ಮರಾಠಿ, ಹಿಂದಿ, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವರು. ನಾನು ಧಾರವಾಡದವಳೆಂದು ತಿಳಿದ ದಿನದಿಂದ ನನ್ನ ಜೊತೆ ಕನ್ನಡವೊಂದೇ. ನಮ್ಮ ಪರೀಕ್ಷೆಗಳು ನಡೆಯುತ್ತಿದ್ದುದು ಜಿಲ್ಲೆಯ ಅಂಚಿನ ಒಂದು ಏರ್‌ಸ್ಟ್ರಿಪ್ಪಿನಲ್ಲಿ. ಸುತ್ತ ಬಯಲು, ಒಂದು ತಗಡಿನ ಹ್ಯಾಂಗರ್, ಆಚೆ ಕಬ್ಬಿನ ಗದ್ದೆ. ನಾನು ಕೈಯಲ್ಲಿ ರೇಡಿಯೋ ಹಿಡಿದುಕೊಂಡು ಹ್ಯಾಂಗರಿನ ನೆರಳಲ್ಲಿ ನಿಂತಿದ್ದೆ. ಅವರು ಏರುತ್ತ ಏರುತ್ತ ಬಿಸಿಯ ಅಂಕೆ ಹೇಳುತ್ತಿದ್ದರು. ಅಂಕೆ ಏರಿತು, ಏರಿತು, ಆಮೇಲೆ ಇಳಿಯತೊಡಗಿತು. ನಾನು ಹಿಗ್ಗಿದೆ. ಆಗ ಅವರ ದನಿ ಬಂತು.

“ಮೇಡಂ, ಮುಳ್ಳು ಇಳ್ಯಾಕ ಹತ್ತ್ಯದ. ಆದ್ರ ಮುಂದಿನ ಗಾಜಿನ ಮ್ಯಾಲ ಏನೋ ಹಸರ ಹನಿ ಬೀಳ್ಲಿಕತ್ತಾವ.”

ದ್ರವ ಕುದ್ದು ಮುಚ್ಚಳದಿಂದ ಹೊರಗೆ ಹಾರುತ್ತಿತ್ತು. ಸೆನ್ಸರಿನ ಸುತ್ತ ದ್ರವವೇ ಉಳಿದಿರಲಿಲ್ಲ, ಅದಕ್ಕೇ ಮುಳ್ಳು ಇಳಿದಿತ್ತು. ಎಂಜಿನ್ನಿನ ಶಕ್ತಿ ತಗ್ಗಿಸಿ, ಕೂಡಲೇ ಹಿಂದಿರುಗಿ ಎಂದೆ. ನಾನು ಹೇಳುವ ಮೊದಲೇ ಅವರು ಎಂಜಿನ್ ಆರಿಸಿ ತಿರುಗಿದ್ದರು. ಎಂಜಿನ್ನಿನ ಸದ್ದು ನಿಂತುಹೋದ ವಿಮಾನ ಬಯಲಿನ ಮೇಲೆ ಹದ್ದಿನ ಹಾಗೆ ಸುತ್ತು ಹಾಕಿ, ಇಳಿಯುವ ಪಟ್ಟಿಯ ತುದಿಯಲ್ಲಿ ಮೆತ್ತಗೆ ಕೂತಿತು. ನಾವು ಓಡಿಹೋದೆವು. ಅವರು ಇಳಿದು ಕರವಸ್ತ್ರದಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕವಚದ ಸಂದಿಗಳಿಂದ ಸಿಹಿ ವಾಸನೆಯ ಹಬೆ ಏಳುತ್ತಿತ್ತು.

ಮಾರನೆಯ ದಿನ ಶೆಡ್ಡಿನಲ್ಲಿ ಮುಖ್ಯಸ್ಥರು ಎಲ್ಲರನ್ನೂ ಕೂರಿಸಿಕೊಂಡರು. ಸಿಟ್ಟು ಮಾಡಲಿಲ್ಲ. ಎಂಜಿನ್ ಸಾಯುವ ಹೊತ್ತಿಗೆ ಎಲ್ಲ ಸರಿಯಾಗಿದೆ ಎಂದು ಹೇಳುವ ಮುಳ್ಳನ್ನು ನಾನು ಗಿರಾಕಿಯ ಕೈಗೆ ಕೊಡಲಾರೆ ಎಂದರು. ಮೊದಲು ಪರೀಕ್ಷೆಗೆಂದು ತರಿಸಿದ್ದ, ಗಾಳಿಯಿಂದ ತಣಿಯುವ ಎಂಜಿನ್ ಒಂದು ಮೂಲೆಯಲ್ಲಿತ್ತು. ಅದನ್ನು ಹೊರಗೆ ತೆಗೆಯಿರಿ, ಇದನ್ನು ಬಿಚ್ಚಿ ಎಂದರು. ಅದು ತಪ್ಪು ತೀರ್ಮಾನವೂ ಅಲ್ಲ. ಒಬ್ಬ ಮನುಷ್ಯ ಹಿಂದಿನ ದಿನವಷ್ಟೇ ಜೀವ ಕೈಯಲ್ಲಿ ಹಿಡಿದುಕೊಂಡು ಇಳಿದು ಬಂದಿದ್ದ.

ಮಾತಾಡಿದವರು ಆ ಮನುಷ್ಯರೇ. ಎಂಜಿನ್ ಬಿಚ್ಚುವುದಕ್ಕೆ ತಮ್ಮ ಅಡ್ಡಿಯಿಲ್ಲ, ಆದರೆ ರೇಡಿಯೇಟರ್ ದೊಡ್ಡದಾದ ಮೇಲೆ ಬಿಸಿ ಯಾಕೆ ಹೆಚ್ಚಾಯಿತು ಎಂದು ಯಾರಿಗೂ ಗೊತ್ತಿಲ್ಲ, ಅದು ಗೊತ್ತಾಗದೆ ಬಿಚ್ಚಿದರೆ ಗೊತ್ತಾಗದೇ ಉಳಿಯುತ್ತದೆ ಎಂದು ಮರಾಠಿಯಲ್ಲಿ ಹೇಳಿದರು. ಮಳೆ ಬರುವವರೆಗೆ ನೋಡಿ ಎಂದರು ಮುಖ್ಯಸ್ಥರು. ಆದರೆ ಸಿಲಿಂಡರಿನ ಲೋಹದ ಬಿಸಿಯನ್ನೇ ನೇರವಾಗಿ ಅಳೆಯುವ ಇನ್ನೊಂದು ಮೀಟರ್ ಹಾಕದೆ ಯಾರೂ ಹಾರಕೂಡದು. ದ್ರವ ಇರಲಿ ಇಲ್ಲದಿರಲಿ, ಲೋಹ ಸುಳ್ಳು ಹೇಳುವುದಿಲ್ಲ.

ನನ್ನ ತಲೆಯಲ್ಲಿ ಆ ದಿನಗಳಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಅಷ್ಟು ದೊಡ್ಡ ಬಾಯಿಯಿಂದ ಒಳಗೆ ಹೋದ ಗಾಳಿ ಎಲ್ಲಿ ಹೋಗುತ್ತಿದೆ? ಟ್ರ್ಯಾಕ್ಟರಿನಲ್ಲಿ ಫ್ಯಾನ್ ಇರುತ್ತದೆ. ಅದು ಗಾಳಿಯನ್ನು ಎಳೆದು ರೇಡಿಯೇಟರ್ ಮೂಲಕ ಹಾಯಿಸುತ್ತದೆ. ಇಲ್ಲಿ ಎಳೆಯುವವರು ಯಾರೂ ಇಲ್ಲ. ಗಾಳಿ ತಾನಾಗಿ ಹಾಯಬೇಕು, ಹಾಯ್ದು ಹೊರಗೆ ಹೋಗಬೇಕು. ನಾವೆಲ್ಲ ಒಳಗೆ ಬರುವ ದಾರಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೆವು, ಹೊರಗೆ ಹೋಗುವ ದಾರಿಯ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಗಾಳಿಯನ್ನು ಕಣ್ಣಿಂದ ನೋಡಲು ಹಳೆಯದೊಂದು ಉಪಾಯವಿದೆ. ತುಳಸಿಬಾಗ್ ಪೇಟೆಗೆ ಹೋಗಿ ಕೆಂಪು ಉಣ್ಣೆಯ ಉಂಡೆ ತಂದೆ. ಅಂಗಡಿಯವರು ಇಷ್ಟು ಬಿಸಿಲಲ್ಲಿ ಸ್ವೆಟರ್ ಹೆಣೆಯುತ್ತೀರಾ ಎಂದು ಕೇಳಿದರು. ಬೆರಳುದ್ದದ ತುಂಡುಗಳನ್ನು ಕತ್ತರಿಸಿ ಬಾಯಿಯ ಅಂಚಿಗೆ, ಕವಚದ ಹೊಟ್ಟೆಗೆ, ಗಾಳಿ ಹೊರಬೀಳುವ ಕಿಂಡಿಯ ಸುತ್ತ ಟೇಪಿನಿಂದ ಅಂಟಿಸಿದೆವು. ಚಕ್ರದ ಕಾಲಿಗೆ ಒಂದು ಪುಟ್ಟ ಕ್ಯಾಮೆರಾ ಕಟ್ಟಿದೆವು. ಗಾಳಿ ಹೋದ ಕಡೆಗೆ ದಾರ ತಿರುಗುತ್ತದೆ.

ಇನ್ನೊಂದು ಅಳತೆಯೂ ಬೇಕಿತ್ತು. ರೇಡಿಯೇಟರಿನ ಮುಂದೆ ಒಂದು ಸಣ್ಣ ನಳಿಗೆ, ಹಿಂದೆ ಒಂದು ನಳಿಗೆ ಇಟ್ಟು, ಎರಡನ್ನೂ ಕಾಕ್‌ಪಿಟ್ಟಿನಲ್ಲಿ ಒಂದು ಹಲಗೆಯ ಮೇಲೆ ಬಗ್ಗಿಸಿ ಕೂರಿಸಿದ ಪಾರದರ್ಶಕ ನಳಿಗೆಗೆ ಸೇರಿಸಿದೆ. ಅದರೊಳಗೆ ನೀರು. ಚೆನ್ನಾಗಿ ಕಾಣಲೆಂದು ಶಿರಾಕ್ಕೆ ಹಾಕುವ ಕೇಸರಿ ಬಣ್ಣ ಬೆರೆಸಿದೆ. ಮುಂದಿನ ಒತ್ತಡ ಹೆಚ್ಚಾಗಿ, ಹಿಂದಿನದು ಕಡಿಮೆಯಾದರೆ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಏರುತ್ತದೆ. ಆ ವ್ಯತ್ಯಾಸವೇ ಗಾಳಿಯನ್ನು ರೇಡಿಯೇಟರ್ ಮೂಲಕ ತಳ್ಳುವ ಬಲ. ಆದರೆ ಹಾರುವಾಗ ಅದನ್ನು ಓದಲು ಒಬ್ಬರು ಬೇಕು. ಪೈಲಟ್ಟಿಗೆ ಹೊರಗೆ ನೋಡುವ ಕೆಲಸವೇ ಸಾಕಷ್ಟಿರುತ್ತದೆ. ಓದಬೇಕಾದವಳು ನಾನೇ.

ಖಡಕಿಯ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ, ಈ ಸಲ ವಿಮಾನದಲ್ಲಿ ನಾನೂ ಕೂರಬೇಕು ಎಂದು ಗಂಡನಿಗೆ ಹೇಳಿದೆ. ಹಿಂದಿನ ವಾರ ಕುದ್ದು ಹೋದ ಎಂಜಿನ್ನಿನ ವಿಷಯ ಅವರಿಗೆ ಗೊತ್ತಿತ್ತು.

“ನಿನ್ನ ಕೆಲಸದ ಮ್ಯಾಲ ನಿನಗ ನಂಬಿಕಿ ಇದ್ರ ಕೂಡು,” ಎಂದರು. “ಇಲ್ಲಂದ್ರ ಅವರನ್ನೂ ಕೂಡ್ಸಬ್ಯಾಡ.”

ನಾನು ಕೂತೆ. ಸೀಟಿನ ಪಟ್ಟಿಗಳನ್ನು ಪೈಲಟ್ಟೇ ಬಿಗಿದರು. ಕುದಿಯುವಷ್ಟು ಹೊತ್ತು ಏರುವುದಿಲ್ಲ, ನೀವು ಸಾಕು ಅಂದ ಕೂಡಲೇ ಮೂತಿ ಇಳಿಸುತ್ತೇನೆ ಎಂದರು. ನೆಲ ಬಿಟ್ಟದ್ದು ನನಗೆ ತಿಳಿಯಲೇ ಇಲ್ಲ, ಕಣ್ಣು ಕೇಸರಿ ನೀರಿನ ಮೇಲಿತ್ತು. ವಿಮಾನ ಮೂತಿ ಎತ್ತಿ ಏರತೊಡಗಿತು. ನೀರು ಅಲುಗಾಡಿತು, ಒಂದು ಕಡೆ ಉಗುರಿನಷ್ಟು ಏರಿತು, ಅಲ್ಲೇ ನಿಂತಿತು. ಎದುರಿಗೆ ಗಾಳಿ ಅಬ್ಬರಿಸುತ್ತಿದ್ದರೂ ರೇಡಿಯೇಟರ್ ಮೂಲಕ ಹಾಯುತ್ತಿದ್ದುದು ಹೆಚ್ಚುಕಡಿಮೆ ಏನೂ ಇಲ್ಲ.

ಇಳಿದ ಮೇಲೆ ಕ್ಯಾಮೆರಾದ ಚಿತ್ರಗಳನ್ನು ಹ್ಯಾಂಗರಿನ ನೆಲದ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಬೆಂಗಳೂರಿನ ಹುಡುಗಿ ಮೊದಲು ನೋಡಿದಳು.

“ಮೇಡಂ, ಇದು ರಿವರ್ಸ್ ಪ್ಲೇ ಆಗ್ತಿದ್ಯಾ? ಹಿಂದಿನ ದಾರಗಳು ಮುಂದಕ್ಕೆ ತಿರುಗಿವೆ.”

ಚಿತ್ರ ಸರಿಯಾಗಿಯೇ ಓಡುತ್ತಿತ್ತು. ಹೊರಹೋಗುವ ಕಿಂಡಿಯ ಹತ್ತಿರದ ದಾರಗಳು ಹಿಂದಕ್ಕೆ ಹಾರುವ ಬದಲು ಮುಂದಕ್ಕೆ, ಕಿಂಡಿಯ ಒಳಕ್ಕೇ ಬಾಗಿದ್ದವು. ಮುಂದಿನ ದೊಡ್ಡ ಬಾಯಿಯ ಅಂಚಿನ ದಾರಗಳು ಒಳಗೆ ಹೋಗದೆ ಹೊರಗೆ ಚೆಲ್ಲಿದ್ದವು. ನಮ್ಮ ಕಿಂಡಿ ಮೂತಿಚಕ್ರದ ಕಾಲಿಗೆ ಸರಿಯಾಗಿ ಮುಂದೆ ಇತ್ತು. ಎದುರು ಗಾಳಿ ಆ ದಪ್ಪ ಕಾಲಿಗೆ ಬಡಿದು ಅಲ್ಲಿ ಒತ್ತಡ ಕಟ್ಟುತ್ತಿತ್ತು. ಒಳಗಿನ ಗಾಳಿ ಹೊರಗೆ ಬರಲು ಹೋದರೆ ಬಾಗಿಲಲ್ಲೇ ಯಾರೋ ತಳ್ಳಿದ ಹಾಗೆ ಹಿಂದಿರುಗುತ್ತಿತ್ತು. ದೊಡ್ಡ ರೇಡಿಯೇಟರ್ ದಪ್ಪವಾಗಿದ್ದರಿಂದ ಗಾಳಿಗೆ ಹಾಯಲು ಇನ್ನೂ ಕಷ್ಟ. ಒಳಗೆ ಬಂದಷ್ಟರಲ್ಲೂ ಬಹುಪಾಲು ಅಂಚಿನ ಸಂದಿಗಳಿಂದ ನುಸುಳಿ ಹೋಗುತ್ತಿತ್ತು. ನಾವು ಬಾಯಿ ದೊಡ್ಡದು ಮಾಡಿದಷ್ಟೂ ಗಾಳಿ ಬಾಯಿಯಿಂದಲೇ ಹೊರಗೆ ಉಕ್ಕುತ್ತಿತ್ತು.

ಆ ಮಧ್ಯಾಹ್ನವೇ ಮುಖ್ಯಸ್ಥರ ಮುಂದೆ ಹೋಗಿ ನಿಂತೆ. ದೊಡ್ಡ ರೇಡಿಯೇಟರ್ ತೆಗೆದು ಮೊದಲಿನ ಸಣ್ಣದನ್ನೇ ಹಾಕುತ್ತೇನೆ ಎಂದೆ. ಮುಂದಿನ ಬಾಯಿಯನ್ನು ಅರ್ಧ ಮುಚ್ಚುತ್ತೇನೆ. ಹಿಂದಿನ ಕಿಂಡಿ ಮುಚ್ಚಿಬಿಟ್ಟು ಮೂತಿಚಕ್ರದ ಕಾಲಿನ ಎಡಬಲಕ್ಕೆ ಎರಡು ಹೊಸ ಕಿಂಡಿ ತೆರೆಯುತ್ತೇನೆ, ಅವುಗಳ ಮುಂದಿನ ಅಂಚನ್ನು ಕೆಳಕ್ಕೆ ತುಟಿಯಂತೆ ಬಾಗಿಸುತ್ತೇನೆ. ಆ ತುಟಿಯ ಹಿಂದೆ ಒತ್ತಡ ಇಳಿದು ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಬಿಸಿಯಾಗುವ ಎಂಜಿನ್ನಿಗೆ ಸಣ್ಣ ರೇಡಿಯೇಟರ್, ಸಣ್ಣ ಬಾಯಿ! ಹೇಳುವಾಗ ನನಗೇ ವಿಚಿತ್ರವೆನಿಸಿತು. ಅವರು ಎರಡು ಪ್ರಶ್ನೆ ಕೇಳಿದರು. ಆಮೇಲೆ ಕಾಗದದ ಮೇಲೆ ನನ್ನ ತುಟಿಯ ಆಕಾರವನ್ನು ತಾವೇ ತಿದ್ದಿದರು. ರೆಕ್ಕೆಯ ಕೆಲಸ ಮಾಡಿದ ಕೈ, ಒಂದೇ ಗೀಟಿಗೆ ನನ್ನ ಗೆರೆಗಿಂತ ಚೆಂದದ ಬಾಗು ಬಂತು. ಅವರು ಒಪ್ಪಿದ್ದಾರೆ ಎಂದು ನನಗೆ ಗೊತ್ತಾದದ್ದು ಹಾಗೆ.

ಮೇ ತಿಂಗಳ ಶೆಡ್ಡಿನಲ್ಲಿ ರೆಸಿನ್ ಕಲಸುವುದು ಹುಡುಗಾಟವಲ್ಲ. ಬಿಸಿಲೇರಿದರೆ ಬಟ್ಟಲಿನಲ್ಲೇ ಗಟ್ಟಿಯಾಗಿ ಹೊಗೆಯಾಡುತ್ತದೆ. ಹಾಗಾಗಿ ಬೆಂಗಳೂರಿನ ಎಂಜಿನಿಯರ್ ಬೆಳಗಿನ ತಂಪಿನಲ್ಲೇ ಬಂದು, ಒಂದು ಸಲಕ್ಕೆ ಒಂದು ಚಹಾ ಲೋಟದಷ್ಟೇ ಕಲಸಿ, ಒಂದೊಂದೇ ಪದರ ಹಚ್ಚುತ್ತಿದ್ದಳು. ಸಣ್ಣ ಬಾಯಿಯಿಂದ ರೇಡಿಯೇಟರಿನವರೆಗೆ ಕಹಳೆಯ ಹಾಗೆ ನಿಧಾನವಾಗಿ ಅಗಲವಾಗುವ ಗಾಳಿದಾರಿ ಅದು. ಒಳಮೈ ಎಲ್ಲೂ ಒರಟಾಗಬಾರದು. ಮೊದಲು ಮಾಡಿದ್ದು ಅಚ್ಚಿನಿಂದ ಬಿಡಿಸುವಾಗ ಸೀಳಿತು. ಅವಳು ಅದನ್ನು ಪಕ್ಕಕ್ಕಿಟ್ಟು, ನೀರು ಕುಡಿದು ಬಂದು, ಮತ್ತೆ ಮೊದಲಿನಿಂದ ಶುರುಮಾಡಿದಳು. ರೇಡಿಯೇಟರಿನ ನಾಲ್ಕೂ ಅಂಚಿಗೆ ನಾನು ಸಿಲಿಕೋನ್ ರಬ್ಬರ್ ಪಟ್ಟಿ ಕೂರಿಸಿದೆ. ಒಳಗೆ ಟಾರ್ಚ್ ಹಿಡಿದು ಕತ್ತಲಲ್ಲಿ ನೋಡಿ, ಬೆಳಕು ಸೋರಿದಲ್ಲೆಲ್ಲ ಮತ್ತೆ ಮುಚ್ಚಿದೆ.

ಹೊಸ ಮೂತಿಯಲ್ಲಿ ಪೈಲಟ್ ಮತ್ತು ನಾನು ಮತ್ತೆ ಹಾರಿದೆವು. ಈ ಸಲ ಕೇಸರಿ ನೀರು ಒಂದು ಕಡೆ ಅಂಗೈ ಉದ್ದ ಏರಿತು. ನಾನು ಎರಡೆರಡು ಸಲ ಓದಿ ಹೇಳಿದೆ. ಮುಳ್ಳು ಏರಿತು, ನಿಧಾನವಾಯಿತು, ಕೆಂಪು ಗೆರೆಗಿಂತ ಬಹಳ ಕೆಳಗೆ ನಿಂತಿತು. ಪೈಲಟ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಏರುತ್ತಲೇ ಹೋದೆವು. ಹಳೆಯ ಎಲ್ಲ ಹಾರಾಟಗಳಿಗಿಂತ ಎತ್ತರಕ್ಕೆ ಬಂದೆವು.

ಅಲ್ಲಿ ಮುಳ್ಳು ಇದ್ದಕ್ಕಿದ್ದಂತೆ ನೆಗೆಯಿತು. ಹಿಂದೆಯೇ ಲೋಹದ ಬಿಸಿ ತೋರಿಸುವ ಹೊಸ ಮೀಟರೂ ಏರತೊಡಗಿತು. ನಾನು ಸಾಕು ಎಂದೆ. ಅವರು ಕೂಡಲೇ ಮೂತಿ ಇಳಿಸಿದರು. ಮೂತಿ ಇಳಿದ ಸ್ವಲ್ಪ ಹೊತ್ತಿನಲ್ಲೇ ಎರಡೂ ಮುಳ್ಳು ತಣ್ಣಗೆ ತಮ್ಮ ಜಾಗಕ್ಕೆ ಬಂದವು. ಗೆಲುವು ಕೈಗೆ ಬಂದು ಜಾರಿದ್ದರಿಂದ ಅಳುವೇ ಬರುವ ಹಾಗಾಗಿತ್ತು. ಕೆಳಗಿಳಿದು ವಿಮಾನ ನಿಲ್ಲಿಸಿದ ಮೇಲೆ ಪೈಲಟ್ ಹೇಳಿದರು.

“ಮೊದಲಿನ್ಹಂಗ ಮೆಲ್ಲಕ ಏರಲಿಲ್ರಿ ಇದು, ಜಿಗೀತು. ಮೊದಲಿನ ರೋಗ ಹೋಗ್ಯದ, ಇದು ಬ್ಯಾರೇದ. ಹೆಸರ ಒಂದ ಅಂತ ಔಷಧ ಒಂದ ಕೊಡಬ್ಯಾಡ್ರಿ.”

ಅವರ ಮಾತು ಸರಿಯಾಗಿತ್ತು. ಗಾಳಿ ಚೆನ್ನಾಗಿ ಹಾಯುತ್ತಿದೆ ಎಂದು ಕೇಸರಿ ನೀರು ಕೊನೆಯವರೆಗೂ ಹೇಳುತ್ತಿತ್ತು. ಹಾಗಾದರೆ ತೊಂದರೆ ದ್ರವದ ಕಡೆಗಿತ್ತು. ಬಹಳ ಹೊತ್ತು ಏರಿದಾಗ ಮಾತ್ರ ಬರುತ್ತದೆ, ಮೂತಿ ಇಳಿಸಿದ ಕೂಡಲೇ ಹೋಗುತ್ತದೆ. ಇದನ್ನು ಹೇಳಿಕೊಳ್ಳುತ್ತ ಹ್ಯಾಂಗರಿನಲ್ಲಿ ವಿಮಾನದ ಸುತ್ತ ನಡೆಯುತ್ತಿದ್ದೆ. ಗ್ಯಾರೇಜುಗಳಲ್ಲಿ ಕಾರಿಗೆ ಹೊಸ ಕೂಲಂಟ್ ತುಂಬುವಾಗ ಅದರ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸುವುದು ನೆನಪಾಯಿತು. ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ ಯಾವಾಗಲೂ ಅತಿ ಎತ್ತರದ ಜಾಗಕ್ಕೆ ಹೋಗಿ ಕೂರುತ್ತದೆ. ರೇಡಿಯೇಟರಿನ ಮುಚ್ಚಳ ಅಲ್ಲಿದ್ದರೆ ಗುಳ್ಳೆ ಹೊರಗೆ ಹೋಗುತ್ತದೆ.

ನಮ್ಮ ವಿಮಾನದಲ್ಲಿ ಮುಚ್ಚಳವಿದ್ದ ಪುಟ್ಟ ತೊಟ್ಟಿ ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲಿತ್ತು. ನೆಲದ ಮೇಲೆ ನಿಂತಾಗ ಅದೇ ಅತಿ ಎತ್ತರದ ಜಾಗ. ಆದರೆ ಏರುವಾಗ?

ಎಲ್ಲರನ್ನೂ ಕರೆದೆ. ಮುಂದಿನ ಚಕ್ರದ ಕೆಳಗೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಒಟ್ಟಿ, ಬಾಲವನ್ನು ಹಗ್ಗದಿಂದ ಕೆಳಕ್ಕೆ ಕಟ್ಟಿ, ವಿಮಾನ ಏರುವಾಗ ಹೇಗಿರುತ್ತದೆಯೋ ಹಾಗೆ ಮೂತಿ ಎತ್ತಿ ನಿಲ್ಲಿಸಿದೆವು. ಎಂಜಿನ್ನಿನ ಮುಂದಿನ ಹೋಸ್ ಪೈಪ್ ತೆಗೆದು ಅಲ್ಲಿ ಪಾರದರ್ಶಕ ಪೈಪ್ ಹಾಕಿದೆ. ಎಂಜಿನ್ ಶುರುಮಾಡದೆ, ಬೇರೆ ಪಂಪಿನಿಂದ ಹಸಿರು ದ್ರವವನ್ನು ತಿರುಗಿಸಿದೆವು. ಸ್ವಲ್ಪ ಹೊತ್ತಿಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಬಂದವು. ಅವು ತೊಟ್ಟಿಯ ಕಡೆ ಹೋಗಲಿಲ್ಲ. ಮುಂದಿನ ಸಿಲಿಂಡರಿನ ಮೇಲಿನ ಪೈಪಿನ ತಿರುವಿನಲ್ಲಿ ಒಂದೊಂದಾಗಿ ಬಂದು ಕೂತವು. ಸೇರಿ ಸೇರಿ ಬಟಾಣಿಯಷ್ಟಾದವು, ಆಮೇಲೆ ಪೈಪಿನ ಅರ್ಧವನ್ನೇ ತುಂಬಿದವು. ಮೂತಿ ಎತ್ತಿದ ವಿಮಾನದಲ್ಲಿ ಅತಿ ಎತ್ತರದ ಜಾಗ ತೊಟ್ಟಿಯಾಗಿರಲಿಲ್ಲ, ಆ ತಿರುವಾಗಿತ್ತು. ಅಲ್ಲಿ ಕೂಡಿದ ಗಾಳಿ ಬೆಳೆದು ಸಿಲಿಂಡರಿನ ತಲೆಗೆ ಇಳಿದ ಗಳಿಗೆಯಲ್ಲಿ ದ್ರವ ಲೋಹವನ್ನು ಮುಟ್ಟುವುದೇ ನಿಲ್ಲುತ್ತಿತ್ತು. ಮೂತಿ ಇಳಿಸಿದರೆ ಗುಳ್ಳೆ ತಾನೇ ಹಿಂದಕ್ಕೆ ಸರಿದು ತೊಟ್ಟಿಗೆ ಹೋಗಿಬಿಡುತ್ತಿತ್ತು.

ಮುಖ್ಯಸ್ಥರು ಬಗ್ಗಿ, ಮೂಗು ಪೈಪಿಗೆ ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದರು. ಅವರ ಮುಖದಲ್ಲಿ ಅನುಮಾನ ಇರಲಿಲ್ಲ. ಒಂದು ಒಗಟು ಬಿಡಿಸಿಕೊಂಡವರ ಖುಷಿ ಇತ್ತು. ತೊಟ್ಟಿಯನ್ನು ಮುಂದಕ್ಕೆ, ಮೇಲಕ್ಕೆ ತರಬೇಕು ಎಂದು ಅವರೇ ಮೊದಲು ಹೇಳಿದರು. ಆ ತಿರುವಿನ ನೆತ್ತಿಯಿಂದ ತೊಟ್ಟಿಗೆ ಪೆನ್ಸಿಲಿನಷ್ಟು ಸಪೂರವಾದ ಒಂದು ನಳಿಗೆಯನ್ನೂ ಎಳೆಯಬೇಕು ಎಂದು ನಾನು ಸೇರಿಸಿದೆ. ಗುಳ್ಳೆ ಹುಟ್ಟಿದ ಕೂಡಲೇ ಹೋಗಲು ಅದಕ್ಕೊಂದು ದಾರಿ. ತೊಟ್ಟಿಯ ಹೊಸ ಬ್ರ್ಯಾಕೆಟ್ ಪಕ್ಕದ ಗೇರಿನ ಕಾರ್ಖಾನೆಯವರೇ ಮಾಡಿಕೊಟ್ಟರು. ನಮ್ಮ ವಿಮಾನದ ಕಥೆ ದಿನಾ ಬೇವಿನ ಮರದ ಕೆಳಗೆ ಕೇಳಿ ಕೇಳಿ ಅವರಿಗೂ ಅದು ತಮ್ಮದೇ ಆಗಿತ್ತು. ಈ ಸಲ ದ್ರವವನ್ನು ಮೂತಿ ಎತ್ತಿಯೇ ತುಂಬಿದೆವು, ಮತ್ತೆ ಮಟ್ಟಸಕ್ಕೆ ತಂದು ತುಂಬಿದೆವು, ಪಾರದರ್ಶಕ ಪೈಪಿನಲ್ಲಿ ಒಂದು ಗುಳ್ಳೆಯೂ ನಿಲ್ಲುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹಳೆಯ ಹೋಸ್ ಹಾಕಿ ಕ್ಲಾಂಪ್ ಬಿಗಿದೆವು.

ಅಷ್ಟರಲ್ಲಿ ಸಂಜೆ ಹೊತ್ತು ಪಶ್ಚಿಮದಲ್ಲಿ ಮೋಡ ಕಟ್ಟತೊಡಗಿತ್ತು. ಕೊಂಕಣದಲ್ಲಿ ಮಳೆ ಎಂಬ ಸುದ್ದಿ ಬಂದಿತ್ತು. ನಮಗೆ ಬೇಕಾದದ್ದು ಇನ್ನೊಂದು ಉರಿಬಿಸಿಲು. ಅದು ಸಿಕ್ಕಿತು. ಆ ಮಧ್ಯಾಹ್ನ ಏರ್‌ಸ್ಟ್ರಿಪ್ಪಿನ ಡಾಂಬರು ಕಾಲಿಗೆ ಅಂಟುತ್ತಿತ್ತು, ಕಬ್ಬಿನ ಗದ್ದೆಯ ಆಚೆಯದೆಲ್ಲ ಬಿಸಿಗಾಳಿಯಲ್ಲಿ ನಡುಗುತ್ತಿತ್ತು. ಟ್ಯಾಂಕ್ ತುಂಬ ಪೆಟ್ರೋಲ್, ಇಬ್ಬರು, ಹಿಂದೆ ಮರಳಿನ ಚೀಲಗಳು. ಎಷ್ಟು ಭಾರ ಹೊರಬೇಕೋ ಅಷ್ಟೂ ಹೊರಿಸಿದೆವು. ಬೇಕೆಂದೇ ಬಿಸಿಲಲ್ಲಿ ನಿಂತು ಎಂಜಿನ್ನನ್ನು ಚೆನ್ನಾಗಿ ಕಾಯಿಸಿ, ಆಮೇಲೆ ಹೊರಟೆವು.

ಪೂರ್ತಿ ಶಕ್ತಿ. ಮೂತಿ ಮೇಲೆ. ಮುಳ್ಳು ಏರಿತು, ತನ್ನ ಜಾಗಕ್ಕೆ ಬಂತು, ನಿಂತಿತು. ಹಿಂದಿನ ಸಲ ಜಿಗಿದ ಎತ್ತರ ಹತ್ತಿರವಾದಾಗ ನಾನು ಎರಡೂ ಮೀಟರುಗಳ ಮೇಲೆ ಕಣ್ಣು ನೆಟ್ಟೆ. ಆ ಎತ್ತರ ಬಂತು. ದಾಟಿತು. ಮುಳ್ಳು ಕದಲಲಿಲ್ಲ. ಲೋಹದ ಬಿಸಿಯೂ ಅಷ್ಟೇ. ಇನ್ನೂ ಏರಿದೆವು. ಸುತ್ತಲಿನ ಗಾಳಿ ತಂಪಾಗುತ್ತ ಬಂದು, ಮುಳ್ಳು ಒಂದು ಕೂದಲೆಳೆಯಷ್ಟು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಈ ಸಲ ಅದು ನಿಜವಾಗಿ ತಣಿದದ್ದು. ಗಾಜಿನ ಮೇಲೆ ಒಂದು ಹನಿಯೂ ಇರಲಿಲ್ಲ.

ಗೊತ್ತುಮಾಡಿದ ಎತ್ತರ ತಲುಪಿದ್ದನ್ನು ಪೈಲಟ್ ರೇಡಿಯೋದಲ್ಲಿ ಕೆಳಗೆ ತಿಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಮೀಟರ್ ಸಾಕ್ರಿ ಮೇಡಂ. ಈಗ ಹೊರಗ ನೋಡ್ರಿ.”

ಇಷ್ಟು ಹಾರಾಟಗಳಲ್ಲಿ ಒಮ್ಮೆಯೂ ನಾನು ಹೊರಗೆ ನೋಡಿರಲಿಲ್ಲ. ಸಹ್ಯಾದ್ರಿಯ ಸಾಲು ಮಬ್ಬು ನೀಲಿಯಲ್ಲಿ ಮಲಗಿತ್ತು. ಅದರ ಮೇಲೆ ಹತ್ತಿಯ ರಾಶಿಯಂತೆ ಮೋಡ. ಎರಡು ಅಣೆಕಟ್ಟುಗಳ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಎದುರಿಗೆ ನಾವು ಕೊರೆದು, ಹಚ್ಚಿ, ಅಂಟಿಸಿದ ಮೂತಿ, ಅದರೊಳಗೆ ಒಂದೇ ಸಮನೆ ಹಾಡುತ್ತಿದ್ದ ಎಂಜಿನ್. ನಾನು ನಗುತ್ತಿದ್ದೆ ಎಂದು ನನಗೆ ತಿಳಿದದ್ದು ಕೆನ್ನೆ ನೋಯತೊಡಗಿದಾಗ.

ಇಳಿದು ಬಂದಾಗ ಬೆಂಗಳೂರಿನ ಎಂಜಿನಿಯರ್ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಮುಖ್ಯಸ್ಥರು ಓಡಲಿಲ್ಲ. ನಿಧಾನವಾಗಿ ಬಂದು ಕವಚದ ಸಂದಿಯಲ್ಲಿ ಬಗ್ಗಿ ನೋಡಿದರು. ಒಂದು ಸುತ್ತು ಬಂದರು. ಕೆಳಗೆ ಎಲ್ಲಾದರೂ ತೇವವಿದೆಯೇ ಎಂದು ನೆಲ ಮುಟ್ಟಿ ನೋಡಿದರು. ನಾನು ಅಳತೆಗಳನ್ನು ಹೇಳತೊಡಗಿದೆ. ಅವರು ಕೈ ಅಡ್ಡ ಹಿಡಿದು, ಅದು ಆಮೇಲೆ, ಈಗ ನಾನು ಕೂರುತ್ತೇನೆ ಎಂದು ಮರಾಠಿಯಲ್ಲಿ ಹೇಳಿದರು. ತಾವೇ ಕಟ್ಟಿಸಿದ ವಿಮಾನದಲ್ಲಿ ಅವರು ಅಲ್ಲಿಯವರೆಗೆ ಕೂತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಅದು ಸರಿಯಾಗುವವರೆಗೆ ಕೂರುವುದಿಲ್ಲ ಎಂದುಕೊಂಡಿದ್ದರೋ ಏನೋ, ನಾನು ಕೇಳಲಿಲ್ಲ.

ಪೆಟ್ರೋಲ್ ತುಂಬಿಸಿದೆವು. ಕಾದ ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ವಿಮಾನ ಪಟ್ಟಿ ಬಿಟ್ಟು, ಗದ್ದೆ ದಾಟಿ, ಮೂತಿ ಎತ್ತಿ ನೆಟ್ಟಗೆ ಏರಿತು. ನಾನು ಮತ್ತು ಬೆಂಗಳೂರಿನ ಹುಡುಗಿ ಹ್ಯಾಂಗರಿನ ಮುಂದೆ ಕುತ್ತಿಗೆ ಎತ್ತಿ ನಿಂತೆವು. ಸದ್ದು ಸಣ್ಣದಾಯಿತು. ವಿಮಾನ ಚುಕ್ಕೆಯಾಯಿತು. ಗೊತ್ತುಮಾಡಿದ ಎತ್ತರ ಯಾವಾಗಲೋ ಆಗಿರಬೇಕು, ಆದರೂ ಏರುತ್ತಲೇ ಇತ್ತು.

“ಮೇಡಂ, ಇವ್ರು ವಾಪಸ್ ಬರಲ್ವಾ?” ಎಂದಳು ಅವಳು.

ನಾನು ರೇಡಿಯೋ ಒತ್ತಿ, ಎಲ್ಲ ಸರಿಯಿದೆಯೇ, ಬಿಸಿ ಎಷ್ಟು ಎಂದು ಕೇಳಿದೆ. ಗಾಳಿಯ ಸದ್ದಿನ ನಡುವೆ ಪೈಲಟ್ಟರ ದನಿ ಬಂತು.

“ಬಿಸಿ ಏನೂ ಇಲ್ರಿ, ಎಲ್ಲಾ ಬರೋಬ್ಬರಿ ಅದ. ಸಾಹೇಬ್ರು ಕೆಳಗ ಇಳ್ಯಾಕ ಒಲ್ಲೆ ಅನ್ಲಿಕತ್ತಾರ, ಅಷ್ಟ.”